ಮಲಗಿದ ಲಾಂಛನ

ಡೂಸೆಲ್‌ಬಾಖ್ ಎಂಬ ಊರಿನ ಲಾಂಛನದಲ್ಲಿರುವ ಪ್ರಾಣಿ ಯಾವುದು ಎಂಬ ಪ್ರಶ್ನೆಯನ್ನು ಆ ಊರಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮನೆಯಲ್ಲಿ ತಲೆ ನೆಟ್ಟಗಿಲ್ಲದ ಚಿಕ್ಕಪ್ಪನೊಬ್ಬನಿದ್ದರೆ ಬಂದ ನೆಂಟರು ಅವನ ಸುದ್ದಿ ಎತ್ತದೆ ಕಾಫಿ ಕುಡಿದು ಹೋಗುತ್ತಾರಲ್ಲ, ಹಾಗೆ. ಊರಬಾಗಿಲ ಕಮಾನಿನ ಮೇಲೆ ಮರದ ದೊಡ್ಡ ಗುರಾಣಿಯೊಂದು ತೂಗುತ್ತಿತ್ತು. ಅದರ ಹಳದಿ ಬಯಲಿನಲ್ಲಿ ಕಂದು ಬಣ್ಣದ ಗುಂಡನೆಯ ಪ್ರಾಣಿಯೊಂದು ಕಣ್ಣು ಮುಚ್ಚಿ, ಪೊದೆಯಂಥ ಬಾಲವನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿತ್ತು. ಅದೇ ಪ್ರಾಣಿ ಬೆಂಕಿ ಆರಿಸುವ ಬಂಡಿಯ ಬಾಗಿಲ ಮೇಲೂ, ಶಾಲೆಯ ಗೋಡೆಯ ಮೇಲೂ, ಬಿಯರ್ ಮಗ್ಗುಗಳ ಮೇಲೂ, ಚರಂಡಿಯ ಮುಚ್ಚಳಗಳ ಮೇಲೂ ಮಲಗಿತ್ತು. ಹೊಳೆಯಾಚೆಯ ಆಡ್ಲರ್‌ಸ್ಟೆಟನ್ ಊರಿನವರ ಲಾಂಛನದಲ್ಲಿ ರೆಕ್ಕೆ ಬಿಚ್ಚಿದ ಹದ್ದಿತ್ತು. ಆ ಸೊಕ್ಕಿನಲ್ಲಿ ಅವರು ಡೂಸೆಲ್‌ಬಾಖಿನ ಪ್ರಾಣಿಯನ್ನು ಇಲಿ ಎನ್ನುತ್ತಿದ್ದರು. ಹಬ್ಬದ ದಿನ ಎರಡು ಮಗ್ಗು ಒಳಗೆ ಹೋದ ಮೇಲೆ ಸತ್ತ ಇಲಿ ಎನ್ನುತ್ತಿದ್ದರು.

ಈ ಪ್ರಾಣಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಹಕ್ಕು ನೇಗೆಲೆ ಮನೆತನದ್ದು. ಈಗಿನ ಹಕ್ಕುದಾರ ವೆಂಡೆಲಿನ್ ನೇಗೆಲೆ, ಐವತ್ತು ದಾಟಿದ, ದಪ್ಪ ಕತ್ತಿನ, ಮೆತ್ತನೆಯ ಮನುಷ್ಯ. ಊರವರ ಗೋಡೆ, ಕಿಟಕಿ, ಬೇಲಿಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆಯುತ್ತಿದ್ದ. ಅವನಿಗೆ ಎರಡು ಕೊರತೆಗಳಿದ್ದವು. ಊಟವಾದ ಮೇಲೆ ಎಲ್ಲಿ ಕೂತರೆ ಅಲ್ಲೇ ನಿದ್ದೆ ಬರುತ್ತಿತ್ತು, ಮತ್ತು ಎಡ ಯಾವುದು ಬಲ ಯಾವುದು ಎಂಬುದು ಇಷ್ಟು ವಯಸ್ಸಾದರೂ ಗೊತ್ತಾಗುತ್ತಿರಲಿಲ್ಲ. ಮದುವೆಯ ಉಂಗುರ ಇರುವ ಕೈ ಬಲಗೈ ಎಂದು ಹೆಂಡತಿ ಕ್ರೆಸೆನ್ಸ್ ಹೇಳಿಕೊಟ್ಟಿದ್ದಳು. ಆದರೆ ಬಣ್ಣದ ಕೆಲಸಕ್ಕೆ ಹೊರಡುವಾಗ ಉಂಗುರ ತೆಗೆದಿಡುತ್ತಿದ್ದುದರಿಂದ ಕೆಲಸದ ದಿನಗಳಲ್ಲಿ ಅವನಿಗೆ ಬಲಗೈಯೇ ಇರುತ್ತಿರಲಿಲ್ಲ.

ಆ ಪ್ರಾಣಿಯೆಂದರೆ ವೆಂಡೆಲಿನ್‌ಗೆ ಪ್ರಾಣ. ಚಿಕ್ಕವನಿದ್ದಾಗ ಅಪ್ಪ ಅವನನ್ನು ಏಣಿಯ ಮೇಲೆ ಮುಂದೆ ನಿಲ್ಲಿಸಿಕೊಂಡು, ಅವನ ಕೈ ಹಿಡಿದು, ಬಾಲಕ್ಕೆ ಕುಂಚ ಆಡಿಸುವುದನ್ನು ಕಲಿಸಿದ್ದರು. ಅಪ್ಪ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಪ್ರತಿ ವರ್ಷ ಬಾಲದ ಹತ್ತಿರ ಬಂದಾಗ ಅಪ್ಪನ ಕೈ ತನ್ನ ಕೈಯ ಮೇಲೆ ಕೂತಂತೆ ಅವನಿಗೆ ಅನ್ನಿಸುತ್ತಿತ್ತು. ಅದು ಯಾವ ಪ್ರಾಣಿಯ ಬಾಲ ಎಂದು ಅಪ್ಪನನ್ನು ಕೇಳಬೇಕೆಂದು ಮಾತ್ರ ಒಮ್ಮೆಯೂ ತೋಚಿರಲಿಲ್ಲ.

ಹೀಗಿರುವಾಗ ಸರ್ಕಾರಕ್ಕೆ ಸಣ್ಣ ಊರುಗಳನ್ನು ಹಿಡಿದು ದೊಡ್ಡ ಊರುಗಳಿಗೆ ಸೇರಿಸುವ ಹುಚ್ಚು ಹತ್ತಿತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಡೂಸೆಲ್‌ಬಾಖನ್ನು ಬೇರೆ ಯಾವ ಊರಿಗೂ ಅಲ್ಲದೆ ಆಡ್ಲರ್‌ಸ್ಟೆಟನ್‌ಗೇ ಸೇರಿಸುವುದೆಂದು ತೀರ್ಮಾನವಾಯಿತು. ಈ ಸುದ್ದಿಯನ್ನು ಊರಿಗೆ ತಿಳಿಸಲು ಮೇಯರ್ ಗೆಬ್‌ಹಾರ್ಡ್ ಷ್ಟೋಟ್ಸ್ ಜೂನ್ ಇಪ್ಪತ್ತೇಳರ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ವಾಲ್‌ಬುರ್ಗಾಳ ಹೋಟೆಲಿನಲ್ಲಿ ಸಭೆ ಕರೆದರು.

ಆ ತಾರೀಖಿನಲ್ಲೇ ಎಲ್ಲ ಅನಾಹುತವೂ ಅಡಗಿತ್ತು. ಆ ನಾಡಿನಲ್ಲಿ ಜೂನ್ ಇಪ್ಪತ್ತೇಳನ್ನು ‘ಸೀಬೆನ್‌ಶ್ಲೇಫರ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ‘ಏಳುನಿದ್ದೆ’ ಎಂದಿಟ್ಟುಕೊಳ್ಳೋಣ. ಅಂದು ಮಳೆ ಬಂದರೆ ಏಳು ವಾರ ಮಳೆ, ಬಿಸಿಲಾದರೆ ಏಳು ವಾರ ಬಿಸಿಲು ಎಂಬ ನಂಬಿಕೆ. ರಾಜನ ಹಿಂಸೆಗೆ ಅಂಜಿ ಗುಹೆ ಹೊಕ್ಕು, ಇನ್ನೂರು ವರ್ಷ ಮಲಗಿ ಎದ್ದ ಏಳು ಜನ ಸಂತರಿಗೂ ಅದೇ ಹೆಸರು. ಅಳಿಲಿನ ದಾಯಾದಿಯಂತೆ ಕಾಣುವ, ವರ್ಷದಲ್ಲಿ ಏಳು ತಿಂಗಳು ಮಲಗುವ ಕಾಡುಪ್ರಾಣಿಯೊಂದಕ್ಕೂ ಅದೇ ಹೆಸರು. ಹೊತ್ತೇರಿದರೂ ಹಾಸಿಗೆ ಬಿಡದ ಗಂಡನನ್ನು ಹೆಂಡತಿ ಬಯ್ಯುವುದೂ ಅದೇ ಹೆಸರಿನಿಂದ.

ಕ್ರೆಸೆನ್ಸ್ ಆ ಬೆಳಿಗ್ಗೆ ಇವುಗಳಲ್ಲಿ ಎರಡು ಅರ್ಥಗಳನ್ನು ಒಟ್ಟಿಗೆ ಬಳಸಿದ್ದಳು. “ಏಳೋ ಏಳುನಿದ್ದೆ! ಇವತ್ತು ಏಳುನಿದ್ದೆ ಅನ್ನೋ ನೆನಪಾದ್ರೂ ಇದೆಯಾ ನಿಂಗೆ? ಹೊರಗೆ ಹೋಗಿ ಮಳೆ ಬರುತ್ತಾ ನೋಡು. ಹುಲ್ಲು ಕೊಯ್ಯಿಸ್ಬೇಕು.”

ವೆಂಡೆಲಿನ್ ಹೊರಗೆ ಹೋಗಿ ನೋಡಿದ. ಮಳೆಯೂ ಅಲ್ಲದ ಬಿಸಿಲೂ ಅಲ್ಲದ ಒಂದು ಬೆಳ್ಳನೆಯ ಮಂಜು ಹೊಳೆಯಿಂದೆದ್ದು ಬಂದು ಬೀದಿಯಲ್ಲಿ ನಿಂತಿತ್ತು. ಚರ್ಚಿನ ಗೋಪುರದ ಅರ್ಧವೇ ಕಾಣುತ್ತಿತ್ತು. ಹೆಂಡತಿಗೆ ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಪೂಜೆಯುದ್ದಕ್ಕೂ ಅದನ್ನೇ ಯೋಚಿಸಿದ, ಹೋಟೆಲಿನಲ್ಲಿ ಮೂಲೆಯ ಬೆಂಚಿನಲ್ಲಿ ಕೂತು ಬಿಯರ್ ಕುಡಿಯುತ್ತಲೂ ಅದನ್ನೇ ಯೋಚಿಸಿದ. ಯೋಚನೆ ಅವನನ್ನು ಎಂದಿನ ಊರಿಗೆ ಕರೆದುಕೊಂಡು ಹೋಯಿತು.

ಇತ್ತ ಸಭೆ ಕಾವೇರಿತ್ತು. ಮೇಯರ್ ಮೇಜು ಗುದ್ದಿದರು. “ಹೆಸರು ಹೋಗುತ್ತೆ, ಹೋಗ್ಲಿ. ಅಂಚೆಯವನು ಹೇಗಿದ್ರೂ ಹೆಸರು ನೋಡಲ್ಲ. ಆದ್ರೆ ಲಾಂಛನ? ಎರಡೂ ಊರು ಸೇರಿದ ಮೇಲೆ ಗುರಾಣಿ ಒಂದೇ. ನಮ್ಮ ಪ್ರಾಣಿ ಎಲ್ಲಿಂದ ಬಂತು, ಅದಕ್ಕೇನರ್ಥ ಅಂತ ತೋರಿಸಿದ್ರೆ ಅರ್ಧ ಗುರಾಣಿ ನಮ್ಮದಂತೆ. ಇಲ್ದಿದ್ರೆ ಪೂರ್ತಿ ಹದ್ದು! ನೋಡೋಕೆ ಪತ್ರಾಗಾರದಿಂದ ಒಬ್ಬ ವಿದ್ವಾಂಸೆ ಬರ್ತಾರೆ. ಅದಕ್ಕೂ ಮುಂಚೆ ನೀವೇ ಹೇಳಿ, ಅದು ಏನು?”

ಅಷ್ಟೂ ಜನ ತಮ್ಮತಮ್ಮ ಮಗ್ಗಿನ ಮೇಲೆ ಮಲಗಿದ್ದ ಪ್ರಾಣಿಯನ್ನು ಮೊದಲ ಸಲವೆಂಬಂತೆ ನೋಡಿದರು.

“ನನ್ನ ಪ್ರಕಾರ ಅದು ಸಿಂಹ,” ಎಂದರು ಮೇಯರ್. “ವಿಶ್ರಾಂತಿ ತಗೊಳ್ತಿರೋ ಸಿಂಹ.”

ಅರಣ್ಯಾಧಿಕಾರಿ ಫ್ರಿಡೊಲಿನ್ ರಾಪ್ ಕೆಮ್ಮಿದ. ಅವನು ಮೂವತ್ತು ವರ್ಷ ಪ್ರಾಣಿಗಳ ನಡುವೆಯೇ ಬದುಕಿದವನು. ಅವನ ಕೆಮ್ಮಿಗೆ ಸಭೆಯಲ್ಲಿ ತೂಕವಿತ್ತು.

ಮೇಯರ್ ಕೆಂಪಾದರು. “ಸರಿ, ಬಳಿಯೋರನ್ನೇ ಕೇಳೋಣ. ನೇಗೆಲೆ! ತಲೆತಲಾಂತರದಿಂದ ನಿಮ್ಮ ಮನೆಯೋರ ಕೈಯಲ್ಲಿದೆ. ನೀವು ಹೇಳಿ, ಏನದು?”

ನೇಗೆಲೆಯ ಕನಸಿನಲ್ಲಿ ಕ್ರೆಸೆನ್ಸ್ ಮಂಜಿನೊಳಗೆ ಎಲ್ಲೋ ನಿಂತು “ಇವತ್ತು ಏನು? ಏನಿವತ್ತು?” ಎಂದು ಕೂಗುತ್ತಿದ್ದಳು. ಪಕ್ಕದಲ್ಲಿದ್ದ ಫ್ರಿಡೊಲಿನ್ ಅವನ ತೊಡೆ ಚಿವುಟಿದ. ವೆಂಡೆಲಿನ್ ದಡಕ್ಕನೆ ಎದ್ದು ನಿಂತು, ಇಡೀ ಹೋಟೆಲು ನಡುಗುವಂತೆ, “ಏಳುನಿದ್ದೆ!” ಎಂದು ಕಿರುಚಿದ.

ಪಾದ್ರಿ ಅಲ್ಬಾನ್ ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು.

“ದೇವರೇ! ಏಳುನಿದ್ದೆಯ ಸಂತರು! ಇಷ್ಟು ವರ್ಷ ನಮ್ಮ ತಲೆ ಮೇಲೇ ಇದ್ರು, ನಮಗೆ ಕಾಣ್ಲೇ ಇಲ್ವಲ್ಲ!”

“ಎಲ್ಲಿ ಏಳು ಜನ, ಫಾದರ್? ಇರೋದು ಒಂದೇ ಗುಡ್ಡೆ,” ಎಂದಳು ಹೋಟೆಲಿನೊಡತಿ ವಾಲ್‌ಬುರ್ಗಾ.

“ಏಳು ಜನರನ್ನ ಬಿಡಿಸೋಕೆ ಗುರಾಣಿಯಲ್ಲಿ ಜಾಗ ಎಲ್ಲಿದೆ, ತಾಯಿ? ಒಂದೇ ಕಂಬಳಿ ಹೊದಿಸಿದಾರೆ. ನಮಗೆ ಕಾಣ್ತಿರೋದು ಕಂಬಳಿ.”

“ಬಾಲ?”

“ಅದು ಕೊನೆಯವನ ಗಡ್ಡ,” ಎಂದರು ಪಾದ್ರಿ ಒಂದಿಷ್ಟೂ ಅಳುಕದೆ.

ಫ್ರಿಡೊಲಿನ್ ಮಗ್ಗು ಕುಕ್ಕಿದ. “ಗಡ್ಡವಂತೆ! ಫಾದರ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ವೆಂಡೆಲಿನ್ ಹೇಳಿದ್ದು ಕಾಡಿನ ಏಳುನಿದ್ದೆ. ಬಾಲ ನೋಡಿ, ಹೊಟ್ಟೆ ನೋಡಿ. ಓಕ್ ಮರದ ಪೊಟರೆಯಲ್ಲಿ ನಾನು ದಿನಾ ನೋಡೋ ಪ್ರಾಣಿ. ಏನಂತೀಯೋ ವೆಂಡೆಲಿನ್?”

ಇಡೀ ಊರು ತನ್ನ ಮುಖ ನೋಡುತ್ತಿರುವುದು ವೆಂಡೆಲಿನ್‌ಗೆ ಹುಟ್ಟಿದ ಮೇಲೆ ಮೊದಲ ಅನುಭವ. ನಿದ್ದೆಗಣ್ಣಿನಲ್ಲಿ ತಾರೀಖು ಹೇಳಿದೆ ಎಂದು ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಯರ್ ತಮ್ಮ ಕೈಯಾರೆ ಅವನಿಗೊಂದು ಕುರ್ಚಿ ಎಳೆದು ಹಾಕಿದ್ದರು. ವೆಂಡೆಲಿನ್ ಗಂಟಲು ಸರಿಮಾಡಿಕೊಂಡ.

“ನಮ್ಮ ಅಜ್ಜ ಹೇಳಿದ ಮಾತು,” ಎಂದ. “ಅದನ್ನ ಬಿಡಿಸಿ ಹೇಳೋ ಹಾಗಿಲ್ಲ.”

ಮನೆಗೆ ಬಂದಾಗ ಕ್ರೆಸೆನ್ಸ್ ಕೇಳಿದಳು: “ಮಳೆನೋ, ಬಿಸಿಲೋ?” ಅವನು ತುಂಬ ಗಂಭೀರವಾಗಿ “ಅದನ್ನ ಬಿಡಿಸಿ ಹೇಳೋ ಹಾಗಿಲ್ಲ” ಎಂದ. ಅವಳು ಸೌಟು ಎತ್ತಿಕೊಂಡಳು.

ಆ ದಿನದ ಹವೆ ಯಾವ ಕಡೆಗೂ ವಾಲಲಿಲ್ಲವಾದ್ದರಿಂದ ಮುಂದಿನ ಏಳು ವಾರವೂ ವಾಲಲಿಲ್ಲ. ಪ್ರತಿ ಬೆಳಿಗ್ಗೆ ಹೊಳೆಯ ಮಂಜು ಎದ್ದು ಬಂದು, ಮಧ್ಯಾಹ್ನದವರೆಗೆ ಬೀದಿಯಲ್ಲಿ ತಿರುಗಾಡಿ, ಸಂಜೆ ಮತ್ತೆ ಹೊಳೆಗೆ ಇಳಿಯುತ್ತಿತ್ತು. ದನಗಳು ಮೇಯುವುದನ್ನು ಮರೆತು ಬೇಲಿಗೆ ಗಲ್ಲ ಊರಿ ನಿಂತಿರುತ್ತಿದ್ದವು. ಗಡಿಯಾರದ ಗಂಟೆ ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳಿಸುತ್ತಿತ್ತು. ಈ ಮಂಜಿನೊಳಗೇ ಡೂಸೆಲ್‌ಬಾಖ್ ಎರಡು ಪಾಲಾಯಿತು.

ಪಾದ್ರಿಗಳ ಪಕ್ಷದವರು ಸಂತರ ಪ್ರದರ್ಶನವೊಂದನ್ನು ಏರ್ಪಡಿಸಿದರು. ಏಳು ಜನ ಹಿರಿಯರನ್ನು ಆರಿಸಿ, ಚರ್ಚಿನಲ್ಲಿ ಒಂದೇ ಕಂಬಳಿಯಡಿ ಮಲಗಿಸಿ, ಗಂಟೆ ಬಾರಿಸಿದೊಡನೆ ಅವರು ಕೈ ಮೇಲೆತ್ತಿ ಏಳಬೇಕೆಂದು ತಾಲೀಮು ನಡೆಸಿದರು. ಮಲಗುವ ಭಾಗ ಮೊದಲ ದಿನವೇ ಸೊಗಸಾಗಿ ಬಂತು. ಏಳುವ ಭಾಗ ಕೊನೆಯವರೆಗೂ ಬರಲಿಲ್ಲ. ಗಂಟೆ ಬಾರಿಸಿ ಬಾರಿಸಿ ಪಾದ್ರಿಗಳ ಭುಜ ಬಾತುಕೊಂಡಿತು.

ಫ್ರಿಡೊಲಿನ್ ಕಾಡಿನಿಂದ ಜೀವಂತ ಏಳುನಿದ್ದೆಯೊಂದನ್ನು ಪಂಜರದಲ್ಲಿ ಹಿಡಿದು ತಂದು ಹೋಟೆಲಿನ ಕಟ್ಟೆಯ ಮೇಲಿಟ್ಟ. ಜನ ಸಾಲುಗಟ್ಟಿ ಬಂದು ಅದರ ಮುಖವನ್ನೂ ಮಗ್ಗಿನ ಮೇಲಿನ ಮುಖವನ್ನೂ ತಾಳೆ ನೋಡಿದರು. ಮೂರನೆಯ ದಿನ ಅದು ತಪ್ಪಿಸಿಕೊಂಡು ಅಟ್ಟ ಹತ್ತಿತು. ವಾಲ್‌ಬುರ್ಗಾ ಚಳಿಗಾಲಕ್ಕೆಂದು ಒಣಗಿಸಿಟ್ಟಿದ್ದ ಪೇರುಹಣ್ಣನ್ನೆಲ್ಲ ತಿಂದು, ಹಾಸಿಗೆ ಬಟ್ಟೆಗಳ ನಡುವೆ ಮಲಗಿಬಿಟ್ಟಿತು.

“ನಿನ್ನ ಲಾಂಛನಾನ ನೀನೇ ಬಂದು ಇಳಿಸ್ಕೊಂಡು ಹೋಗು ಫ್ರಿಡೊಲಿನ್!” ಎಂದು ಅವಳು ಬೀದಿಗೆ ಕೇಳುವಂತೆ ಕೂಗಿದಳು. “ಗುರಾಣಿ ಮೇಲಿದ್ದಾಗ ಒಂದು ಹಣ್ಣೂ ತಿಂದಿರ್ಲಿಲ್ಲ ಪಾಪ!”

ಎರಡು ಪಕ್ಷದವರೂ ಸರದಿಯ ಮೇಲೆ ವೆಂಡೆಲಿನ್‌ನ ಮನೆಗೆ ಬಂದರು. ಪಾದ್ರಿ ಒಂದು ಬಾಟಲಿ ವೈನ್ ತಂದು, “ಅಜ್ಜ ಹೇಳಿದ್ದು ಸಂತರ ವಿಷಯಾನೇ ತಾನೆ, ಮಗು?” ಎಂದರು. ವೆಂಡೆಲಿನ್ ಕಣ್ಣು ಅರ್ಧ ಮುಚ್ಚಿ ತಲೆಯಾಡಿಸಿದ. ಫ್ರಿಡೊಲಿನ್ ಹಂದಿತೊಡೆಯ ತುಂಡೊಂದು ತಂದು, “ಕಾಡಿನದ್ದೇ ತಾನೇನೋ?” ಎಂದ. ವೆಂಡೆಲಿನ್ ಉಳಿದರ್ಧವನ್ನೂ ಮುಚ್ಚಿ ತಲೆಯಾಡಿಸಿದ. ಮೇಯರ್ ಮಾತ್ರ ಸಿಂಹವನ್ನು ಬಿಡದೆ, ಸಿಗಾರ್ ಪೆಟ್ಟಿಗೆ ಹಿಡಿದು ಬಂದು, “ಏಳು ಸಂತರಿಗೆ ಕಾವಲು ಮಲಗಿದ ಸಿಂಹ ಯಾಕಾಗ್ಬಾರ್ದು?” ಎಂದರು. ಅದಕ್ಕೂ ತಲೆ ಆಡಿತು.

“ಎಲ್ಲರಿಗೂ ಹೂಂ ಅಂತೀಯಲ್ಲೋ, ನಾಚಿಕೆ ಆಗಲ್ವಾ?” ಎಂದು ಕ್ರೆಸೆನ್ಸ್ ಕೇಳಿದಳು. ಹಂದಿತೊಡೆಯನ್ನು ಹೆಚ್ಚುತ್ತಲೇ ಕೇಳಿದಳು.

“ಯಾರ ಅರ್ಥ ಗೆದ್ರೂ ನಮ್ಮ ಪ್ರಾಣಿ ಉಳಿಯುತ್ತಲ್ಲೇ, ಕ್ರೆಸೆನ್ಸ್,” ಎಂದ ಅವನು. “ನಂಗೆ ಅಷ್ಟೇ ಸಾಕು. ಅಪ್ಪನ ಬಾಲ ಅದು.” ಅವಳು ಅವನ ತಟ್ಟೆಗೆ ಇನ್ನೆರಡು ಹೋಳು ಹಾಕಿದಳು.

ಪತ್ರಾಗಾರದ ಡಾಕ್ಟರ್ ಇರ್ಮೆಲಾ ಟೌಬರ್ ಒಂದು ಮಧ್ಯಾಹ್ನ ಮಂಜನ್ನು ಸೀಳಿಕೊಂಡು ಪುಟ್ಟ ಕಾರಿನಲ್ಲಿ ಬಂದಿಳಿದರು. ತೆಳ್ಳಗಿನ, ನೆಟ್ಟಗಿನ, ಕಣ್ಣು ಮಿಟುಕಿಸುವುದನ್ನೂ ಲೆಕ್ಕವಿಟ್ಟು ಮಾಡುವಂಥ ಹೆಂಗಸು. ಗುರಾಣಿಯನ್ನು ಇಳಿಸಿ ಹೋಟೆಲಿನ ಉದ್ದ ಮೇಜಿನ ಮೇಲೆ ಮಲಗಿಸಿದರು. ಮಲಗಿದ್ದ ಪ್ರಾಣಿಗೆ ಅದರಿಂದ ವಿಶೇಷ ವ್ಯತ್ಯಾಸವಾಗಲಿಲ್ಲ. ಸುತ್ತಲೂ ಊರು ನೆರೆಯಿತು. ಎಲ್ಲ ಪಕ್ಷದವರೂ ತಮ್ಮ ಸಾಕ್ಷಿಯೆಂದು ವೆಂಡೆಲಿನ್‌ನನ್ನೇ ಮುಂದೆ ತಳ್ಳಿದರು.

“ನಿಮ್ಮ ಅಜ್ಜ ನಿಮಗೆ ಏನು ಹೇಳಿದ್ರು, ನೇಗೆಲೆಯವರೇ?”

“ಸಾಯೋ ಗಳಿಗೆಯಲ್ಲಿ ಹೇಳಿದ್ರು, ಡಾಕ್ಟ್ರೇ. ಅದು ಸಂತರು ಅಂತ.”

ಫ್ರಿಡೊಲಿನ್ ಗುರುಗುಟ್ಟಿದ. ವೆಂಡೆಲಿನ್ ಅವಸರವಾಗಿ ಸೇರಿಸಿದ: “ಕಾಡುಪ್ರಾಣಿ ಅಂತಾನೂ ಸಾಯೋ ಗಳಿಗೆಯಲ್ಲೇ ಹೇಳಿದ್ರು.”

“ನಿಮ್ಮ ಅಜ್ಜ ಎರಡು ಸಲ ಸತ್ರಾ?”

“ಇಬ್ಬರು ಅಜ್ಜಂದಿರಲ್ವಾ, ತಾಯಿ. ಅಪ್ಪನ ಕಡೆಯವರು ಒಬ್ರು, ಅಮ್ಮನ ಕಡೆಯವರು ಒಬ್ರು.”

“ಸಿಂಹ ಅಂದಿದ್ದು?” ಎಂದು ಮೇಯರ್ ಹಿಂದಿನಿಂದ ಪಿಸುಗುಟ್ಟಿದರು.

“ಅದು… ಅಜ್ಜಿ,” ಎಂದ ವೆಂಡೆಲಿನ್. ಅವನ ಹಣೆ ಬೆವರಿತ್ತು.

ಡಾಕ್ಟರ್ ಟೌಬರ್ ಅವನನ್ನು ಒಂದು ಸಲ ದಿಟ್ಟಿಸಿ, ಚೀಲದಿಂದ ಸಣ್ಣ ಚಾಕು, ಹತ್ತಿ, ಸ್ಪಿರಿಟ್ಟಿನ ಬಾಟಲಿ ತೆಗೆದರು. “ಅಜ್ಜ ಅಜ್ಜಿಯರನ್ನ ಬಿಡಿ. ಬಣ್ಣಾನೇ ಕೇಳೋಣ,” ಎಂದು ಕೆರೆಯತೊಡಗಿದರು.

ಮೊದಲ ಪದರದ ಮೂಲೆಯಲ್ಲಿ ವೆಂಡೆಲಿನ್‌ನ ಹೆಸರಿನ ಮೊದಲಕ್ಷರಗಳಿದ್ದವು. ಅದು ಹೋಯಿತು. ಅದರ ಕೆಳಗೆ ಅವನಪ್ಪನ ಅಕ್ಷರಗಳಿದ್ದವು. ಆ ಪದರದ ಪೊದೆಬಾಲದ ಮೇಲೆ ಚಾಕು ಆಡಿದಾಗ ವೆಂಡೆಲಿನ್ ಮುಖ ಬೇರೆ ಕಡೆ ತಿರುಗಿಸಿಕೊಂಡ. “ಈ ಬಾಲ ನಿಮ್ಮ ತಂದೆಯವರದ್ದು. ಇದರ ಕೆಳಗೆ ಇಂಥಾ ಬಾಲವೇ ಇಲ್ಲ,” ಎಂದರು ಡಾಕ್ಟರ್. ಅಜ್ಜನ ಪದರದಲ್ಲಿ ಪ್ರಾಣಿ ಇನ್ನೂ ಮಲಗಿಯೇ ಇತ್ತು. ಆ ಪದರದ ಕೆಳಗೆ, ಮುತ್ತಜ್ಜನ ಕಾಲದಲ್ಲಿ, ಅದು ಮಲಗಿದ್ದರೂ ಕಣ್ಣು ಬಿಟ್ಟಿತ್ತು. ಕಣ್ಣು ಮುಚ್ಚಿಸಿದ್ದು ಅಜ್ಜ. ಇನ್ನೂ ಕೆಳಗೆ ಅದು ಎದ್ದು ಕೂತಿತು. ಅದಕ್ಕೂ ಕೆಳಗೆ ಕಂದು ಹೋಗಿ ಕೆಂಪು ಬಂತು. ಎಲ್ಲಕ್ಕಿಂತ ಕೆಳಗೆ, ಬರಿಯ ಮರಕ್ಕೆ ಹತ್ತಿದಂತೆ, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು, ಮುಂಗಾಲೆತ್ತಿ, ಬಾಯಿ ತೆರೆದು, ನಾಲಗೆ ಚಾಚಿ ಗರ್ಜಿಸುವ ಕೆಂಪು ಸಿಂಹವೊಂದು ಎಲ್ಲರನ್ನೂ ನೋಡಿತು.

“ಸಿಂಹ!” ಎಂದು ಮೇಯರ್ ಚೀರಿದರು. ಚೀರಿ ಪಾದ್ರಿಗಳನ್ನು ತಬ್ಬಿಕೊಂಡರು.

ಡಾಕ್ಟರ್ ಟೌಬರ್ ಕನ್ನಡಕ ಒರೆಸುತ್ತ ವಿವರಿಸಿದರು. ಹಿಂದೆ ಈ ಹೊಳೆಸೀಮೆಯನ್ನಾಳಿದ ಪಾಳೆಯಗಾರನ ಸಿಂಹವದು. ಅವನು ತನಗೆ ನಿಷ್ಠವಾದ ಊರಿಗೆಲ್ಲ ಅದನ್ನು ಕೊಟ್ಟಿದ್ದ. ಈ ಜಿಲ್ಲೆಯಲ್ಲೇ ಹನ್ನೆರಡು ಊರಿಗಿದೆ. ಅರ್ಥ: ಎಚ್ಚರ ಮತ್ತು ಶೌರ್ಯ. ಡೂಸೆಲ್‌ಬಾಖಿನ ಸಿಂಹವನ್ನು ಮಾತ್ರ ಒಂದು ಬಣ್ಣಗಾರರ ಮನೆತನ, ಊಟವಾದ ಮೇಲೆ ಏಣಿ ಹತ್ತಿ ಹತ್ತಿ, ಮೆಲ್ಲಗೆ ಮಲಗಿಸಿಬಿಟ್ಟಿದೆ.

“ಹುಟ್ಟೂ ಸಿಕ್ಕಿತು, ಅರ್ಥವೂ ಸಿಕ್ಕಿತು. ಅರ್ಧ ಗುರಾಣಿ ನಿಮ್ಮದು,” ಎಂದರು. “ಆದ್ರೆ ಮೂಲದಲ್ಲಿದ್ದ ಹಾಗೇ ಬಳೀಬೇಕು. ನಿಂತಿರೋ ಸಿಂಹ, ತೆರೆದ ಬಾಯಿ, ಚಾಚಿದ ನಾಲಗೆ. ನಾನು ಬಂದು ನೋಡಿ ಒಪ್ಪಿದ ಮೇಲೇನೇ.”

ಆ ಸಂಜೆ ಬ್ಯಾಂಡಿನವರು ಬೀದಿಯಲ್ಲಿ ಬಾರಿಸಿದರು. ಮರುದಿನ ಬೆಳಿಗ್ಗೆ ಜನ ಊರಬಾಗಿಲ ಕೆಳಗೆ ಹಾದುಹೋಗುವಾಗ ತಲೆಯೆತ್ತಿ, ಬರಿಯ ಕೊಕ್ಕೆ ನೋಡಿ, ಏನನ್ನೋ ಮನೆಯಲ್ಲಿ ಮರೆತು ಬಂದವರಂತೆ ನಿಂತರು. ಇಷ್ಟು ಕಾಲ ಆ ಪ್ರಾಣಿಯ ಹೆಸರೆತ್ತಲು ನಾಚುತ್ತಿದ್ದವರಿಗೆ ಅದಿಲ್ಲದೆ ಊರಿಗೆ ಮುಖವೇ ಇಲ್ಲ ಅನ್ನಿಸಿತು.

“ಸಿಂಹವಂತೆ ಸಿಂಹ,” ಎಂದಳು ವಾಲ್‌ಬುರ್ಗಾ ಮಗ್ಗು ಒರೆಸುತ್ತ. “ಅದಿರೋ ಮಗ್ಗಲ್ಲಿ ಕುಡೀಬೇಕಂದ್ರೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರ್ಬೇಕು. ನನ್ನ ಗಿರಾಕಿಗಳಿಗೆ ಆ ವಯಸ್ಸು ದಾಟಿದೆ.”

ಪಾದ್ರಿಗಳೂ ಫ್ರಿಡೊಲಿನ್ನೂ ಒಂದೇ ಮೇಜಿನಲ್ಲಿ ಕೂತು ಒಬ್ಬರನ್ನೊಬ್ಬರು ಸಮಾಧಾನ ಮಾಡಿದರು. ಮೇಯರ್ ಸಹ, ಯಾರೂ ಇಲ್ಲದಾಗ, “ಹನ್ನೆರಡು ಊರಿಗಿದೆಯಂತೆ ಕಣ್ರೀ,” ಎಂದು ವಾಲ್‌ಬುರ್ಗಾಳ ಮುಂದೆ ಪೆಚ್ಚಾಗಿ ಹೇಳಿಕೊಂಡರು.

ವೆಂಡೆಲಿನ್ ಊಟ ಬಿಟ್ಟ. ಅದಕ್ಕಿಂತ ಭಯಂಕರವಾದ ಸಂಗತಿಯೆಂದರೆ ನಿದ್ದೆಯನ್ನೂ ಬಿಟ್ಟ. ಅವನ ದುಃಖ ಸರಳವಾಗಿತ್ತು. ಸಿಂಹ ಬಳಿಯದಿದ್ದರೆ ಊರಿಗೆ ಲಾಂಛನವೇ ಇಲ್ಲ. ಬಳಿದರೆ ಅಪ್ಪನ ಬಾಲವನ್ನು ತಾನೇ ಅಳಿಸಿದಂತೆ. ಅಪ್ಪ ಆ ಏಣಿಯ ಮೇಲಲ್ಲದೆ ಬೇರೆಲ್ಲೂ ಅವನಿಗೆ ಸಿಗುತ್ತಿರಲಿಲ್ಲ. ಗೋರಿಯ ಹತ್ತಿರ ಹೋದರೆ ಬರಿಯ ಕಲ್ಲು, ಮನೆಯಲ್ಲಿ ನೋಡಿದರೆ ಬರಿಯ ಫೋಟೋ.

“ನಾನು ಬಳಿಯಲ್ಲ ಅಂದ್ರೆ?” ಎಂದು ಕ್ರೆಸೆನ್ಸ್‌ಳನ್ನು ಕೇಳಿದ.

“ಆಡ್ಲರ್‌ಸ್ಟೆಟನ್ನಿಂದ ಬೇರೆಯವನು ಬಂದು ಬಳೀತಾನೆ,” ಎಂದಳು ಅವಳು. ಹೇಳಿದ ಮೇಲೆ ಅವನ ಪಕ್ಕದಲ್ಲಿ ಕೂತು ಅವನ ಉಂಗುರದ ಕೈ ಹಿಡಿದುಕೊಂಡಳು. “ಬೇರೆಯವನು ಬಳಿಯೋದಕ್ಕಿಂತ ನೀನು ಬಳಿಯೋದು ವಾಸಿ ಅಲ್ವೇನೋ?”

ಬಣ್ಣದ ದಿನ ಬಂತು. ಏಳು ವಾರದ ಮಂಜು ಅಂದೂ ಪೂರ್ತಿ ಹೋಗಿರಲಿಲ್ಲ. ಹಾಲಿನ ಕೆನೆಯಂಥ ಬೆಳಕು ಕಮಾನಿನ ಸುತ್ತ ನಿಂತಿತ್ತು. ಗುರಾಣಿಯನ್ನು ಮತ್ತೆ ಕೊಕ್ಕೆಗೆ ಹಾಕಿ, ಏಣಿ ಒರಗಿಸಿ, ವೆಂಡೆಲಿನ್ ಉಂಗುರ ತೆಗೆದು ಹೆಂಡತಿಯ ಕೈಗೆ ಕೊಟ್ಟು ಹತ್ತಿದ. ಕೆಳಗೆ ಇಡೀ ಊರು ಕತ್ತೆತ್ತಿ ನಿಂತಿತ್ತು. ಹದ್ದಿನ ಊರಿನ ಮೇಯರ್ ಕೂಡ ನಗಲೆಂದೇ ಬಂದಿದ್ದರು.

“ಸಿಂಹದ ಮುಖ ಬಲಕ್ಕಿರ್ಲಿ!” ಎಂದು ಡಾಕ್ಟರ್ ಟೌಬರ್ ಕೆಳಗಿನಿಂದ ಕೂಗಿದರು.

ಮೇಯರ್ ಗಾಬರಿಯಾಗಿ ಕೈ ಬೀಸಿದರು. “ನೇಗೆಲೆ, ಆ ಕಡೆ ಅಲ್ಲ! ಅದು ಎಡ! ಎಡಕ್ಕೆ ಬಳೀತಿದಾರೆ ನೋಡಿ ಡಾಕ್ಟ್ರೇ!”

“ಇಲ್ಲ, ಸರಿಯಾಗೇ ಇದೆ,” ಎಂದರು ಡಾಕ್ಟರ್ ಬೆರಗಾಗಿ. “ಲಾಂಛನದಲ್ಲಿ ಬಲ ಅಂದ್ರೆ ಗುರಾಣಿ ಹಿಡಿದವನ ಬಲ. ನೋಡೋರಿಗೆ ಅದು ಎಡ. ಹೇಳಿಕೊಟ್ರೂ ಎಲ್ಲರೂ ತಪ್ಪು ಮಾಡ್ತಾರೆ. ಇವರು ಮೊದಲ ಸಲಕ್ಕೇ ಹಿಡಿದ್ರಲ್ಲ!”

“ನಾನು ಮೊದಲಿಂದ್ಲೂ ಹಾಗೇನೇ,” ಎಂದ ವೆಂಡೆಲಿನ್ ಏಣಿಯ ಮೇಲಿನಿಂದ. ಅವನ ದನಿಯಲ್ಲಿ ಹೆಮ್ಮೆಯೇನೂ ಇರಲಿಲ್ಲ.

ಗುರಾಣಿಯ ಅರ್ಧದಲ್ಲಿ ಹಿಂಗಾಲು ನಿಂತವು. ಮುಂಗಾಲು ಎದ್ದವು. ಮಧ್ಯಾಹ್ನ ಕ್ರೆಸೆನ್ಸ್ ಬಲವಂತ ಮಾಡಿ ಏಣಿಯ ಬುಡದಲ್ಲಿ ಅವನಿಗೆ ಆಲೂಗಡ್ಡೆ ಸಲಾಡು ತಿನ್ನಿಸಿದಳು. ಅವನು ಮತ್ತೆ ಹತ್ತಿ ಬಾಯಿ ಬಿಡಿಸಿದ, ನಾಲಗೆ ಬಿಡಿಸಿದ, ಕಣ್ಣು ಬಿಡಿಸಿದ. ಕೊನೆಗೆ ಬಾಲ ಉಳಿಯಿತು. ತೆಳ್ಳಗೆ ಮೇಲೆ ಹೋಗಿ ತುದಿಯಲ್ಲಿ ಕುಚ್ಚಾಗಬೇಕಾದ, ಹನ್ನೆರಡು ಊರಿನ ಸಿಂಹಗಳಿಗೂ ಇರುವಂಥ ಬಾಲ. ಕುಂಚ ಇಟ್ಟು ಸ್ವಲ್ಪ ಹೊತ್ತು ಕಾದ. ಯಾರ ಕೈಯೂ ಬರಲಿಲ್ಲ. ಒಬ್ಬನೇ ಬಾಲ ಎಳೆದು ಮುಗಿಸಿ, ಕೆಳಗಿಳಿದು, ಗುರಾಣಿಗೆ ಬೆನ್ನು ಹಾಕಿ ನಿಂತುಕೊಂಡ.

ಡಾಕ್ಟರ್ ಟೌಬರ್ ಮುಂದೆ ಬಂದು ತಲೆಯೆತ್ತಿದರು. “ನಿಂತ ಭಂಗಿ, ಸರಿ. ಎತ್ತಿದ ಮುಂಗಾಲು, ಸರಿ. ಚಾಚಿದ ನಾಲಗೆ, ಸರಿ. ತೆರೆದ ಬಾ… ಬಾ…”

ಮಾತು ಅಲ್ಲಿಗೇ ನಿಂತಿತು. ಡಾಕ್ಟರ್ ಇರ್ಮೆಲಾ ಟೌಬರ್ ಕಣ್ಣು ಮುಚ್ಚಿ, ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು, ದೀರ್ಘವಾಗಿ ಆಕಳಿಸಿದರು.

ಅವರ ಹಿಂದಿದ್ದ ಮೇಯರ್ ಷ್ಟೋಟ್ಸ್ ಆಕಳಿಸಿದರು. ಪಾದ್ರಿ ಅಲ್ಬಾನ್, ಅವರ ಏಳು ಜನ ಹಿರಿಯರು ಸಾಲಾಗಿ ಆಕಳಿಸಿದರು. ಬ್ಯಾಂಡಿನ ತುತ್ತೂರಿಯವನು ಊದಲೆಂದು ತೆರೆದ ಬಾಯಿ ಊದದೆ ಹಾಗೇ ಅಗಲವಾಯಿತು. ಊರಿಗೆ ಊರೇ ಬಾಯಿ ತೆರೆದು ನಿಂತಿತು. ಆಗ ವಾಲ್‌ಬುರ್ಗಾ ಬೆರಳೆತ್ತಿ ತೋರಿಸಿದಳು.

“ಅಯ್ಯೋ, ಅದು ಗರ್ಜಿಸ್ತಿಲ್ಲ ಕಣ್ರೋ! ಆಕಳಿಸ್ತಿದೆ!”

ನೋಡಿದರೆ ಹೌದು. ಮುಂಗಾಲುಗಳು ಯಾರ ಮೇಲೂ ಎರಗುತ್ತಿರಲಿಲ್ಲ, ಮೈ ಮುರಿಯುತ್ತಿದ್ದವು. ಕಣ್ಣು ಬಿಟ್ಟಿತ್ತು, ಆದರೆ ಒಳ್ಳೆಯ ನಿದ್ದೆಯಿಂದ ಈಗಷ್ಟೇ ಎದ್ದು, ಇನ್ನೊಂದು ಗಳಿಗೆ ಮಲಗೋಣವೇ ಎಂದು ಲೆಕ್ಕ ಹಾಕುತ್ತಿರುವ ಕಣ್ಣು.

“ನಾನು ಗರ್ಜನೇನೇ ಬಿಡಿಸಿದ್ದು, ದೇವರಾಣೆ!” ಎಂದ ವೆಂಡೆಲಿನ್. ಅವನ ಮುಖ ಬಿಳಿಚಿತ್ತು.

ಎಲ್ಲರೂ ಡಾಕ್ಟರ್ ಕಡೆ ನೋಡಿದರು. ಅವರು ಎರಡನೆಯ ಆಕಳಿಕೆಯನ್ನು ತಡೆದುಕೊಂಡು, ಮತ್ತೊಮ್ಮೆ ಮೇಲೆ ನೋಡಿ, ತಡೆಯಲಾರದೆ ಅದನ್ನೂ ಮುಗಿಸಿದರು. “ಬಾಯಿ ತೆರೆದಿರ್ಬೇಕು ಅಂತ ನಿಯಮ,” ಎಂದರು ಕೊನೆಗೆ. “ಯಾಕೆ ತೆರೆದಿರ್ಬೇಕು ಅಂತ ಎಲ್ಲೂ ಹೇಳಿಲ್ಲ. ಒಪ್ಪಿದೀನಿ.”

ಹದ್ದಿನ ಊರಿನ ಮೇಯರ್ ಈ ಗದ್ದಲದಲ್ಲಿ ಮೆಲ್ಲಗೆ ಕೇಳಿದರು: “ಇನ್ನರ್ಧಕ್ಕೆ ನಮ್ಮ ಹದ್ದನ್ನ ಯಾರು ಬಳೀತಾರೆ?”

“ಈ ಬಾಗಿಲಿಗೆ ಬಳಿಯೋ ಹಕ್ಕು ನೇಗೆಲೆಯವರದ್ದು,” ಎಂದರು ಮೇಯರ್ ಷ್ಟೋಟ್ಸ್ ಅವರ ಬೆನ್ನು ತಟ್ಟಿ. “ಹೆದರ್ಬೇಡಿ. ಒಂದೆರಡು ತಲೆಮಾರಿನಲ್ಲಿ ಅದಕ್ಕೂ ಗೂಡು ಸಿಗುತ್ತೆ.”

ಕ್ರೆಸೆನ್ಸ್ ಮಾತ್ರ ಈ ನಗೆಯಲ್ಲಿ ಸೇರಿರಲಿಲ್ಲ. ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ಮೇಲೆಯೇ ನೋಡುತ್ತಿದ್ದಳು. ಗಂಡನ ತೋಳು ಹಿಡಿದು ಅವನನ್ನು ಗುರಾಣಿಯ ಕಡೆಗೆ ತಿರುಗಿಸಿದಳು.

“ಸರಿಯಾಗಿ ನೋಡೋ ವೆಂಡೆಲಿನ್. ಬಾಯಿ ಒಂದು ಪಕ್ಕಕ್ಕೆ ಎಳ್ಕೊಂಡಿದೆ, ಕಣ್ಣಿನ ರೆಪ್ಪೆ ಅರ್ಧ ಇಳಿದಿದೆ. ಮಧ್ಯಾಹ್ನ ಒಲೆ ಪಕ್ಕದ ಬೆಂಚಿಂದ ಎದ್ದು, ‘ಕಾಫಿ ಆಯ್ತೇನಮ್ಮ ಕ್ರೆಸೆನ್ಸ್’ ಅಂತಿದ್ರಲ್ಲ, ಅದೇ ಮುಖ. ಇದು ಮಾವ ಕಣೋ.”

ವೆಂಡೆಲಿನ್ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವನಿಗೂ ಆಕಳಿಕೆ ಬಂತು. ಕಣ್ಣಿಂದ ನೀರು ಕೆನ್ನೆಗಿಳಿಯಿತು. ಅಲ್ಲಿ ಎಲ್ಲರೂ ಆಕಳಿಸುತ್ತಿದ್ದುದರಿಂದ ಎಲ್ಲರ ಕಣ್ಣಲ್ಲೂ ನೀರಿತ್ತು, ಹಾಗಾಗಿ ಯಾರೂ ಅವನನ್ನು ಏನೆಂದು ಕೇಳಲಿಲ್ಲ.